ರಾಳದ ವಾಸನೆ

ಶಹಾಬಾದಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಏಳುವ ಹೊಗೆಗೆ ನಮ್ಮ ಕಾಕಾನ ಪಿಟೀಲಿನ ವಾಸನೆಯಿದೆ. ಬೆಸುಗೆಗೆ ಹಚ್ಚುವುದೂ ಪಿಟೀಲಿನ ಕಮಾನಿಗೆ ಉಜ್ಜುವುದೂ ರಾಳವೇ. ಹೋದವರನ್ನು ಹೀಗೆ ಹಠಾತ್ತನೆ ಎದುರು ತಂದು ನಿಲ್ಲಿಸುವ ವಾಸನೆ ನಿಮಗೂ ಒಂದಿದ್ದೀತು. ಫೋನು ಕೊಟ್ಟು ಕಾಯುತ್ತ ನಿಂತ ನನಗೆ, ಈಗ ಕೆಡವಿಹಾಕಿರುವ ನಮ್ಮ ಮನೆ ಕಂಡಿತು: ಫರ್ಸಿಕಲ್ಲಿನ ನೆಲ, ಫರ್ಸಿಯದೇ ಮಾಳಿಗೆ, ಕಪಾಟಿನೊಳಗಿನ ಬಟ್ಟೆಯ ಮೇಲೂ ಕೂರುತ್ತಿದ್ದ ಬಿಳಿ ಧೂಳು. ಕಾಕಾ ಹಗಲೆಲ್ಲ ಫರ್ಸಿ ಕೊಯ್ಯುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಸಂಜೆ ಮೈ ತೊಳೆದು, ಚಾಪೆಯ ಮೇಲೆ ಕೂತು, ಪಿಟೀಲನ್ನು ಎದೆಗೆ ಒತ್ತಿಕೊಳ್ಳುತ್ತಿದ್ದ. ಅವನು ಬಾರದೆ ಭಜನೆ ಶುರುವಾಗುತ್ತಿರಲಿಲ್ಲ.

ನಮ್ಮೂರಿನ ಹೆಂಗಸರಿಗೆ ಬಿಳಿ ಪುಡಿ ಕಂಡರೆ ಒರೆಸದೆ ಕೈ ಸುಮ್ಮನಿರುವುದಿಲ್ಲ. ಕೊಡ್ಲಿ ಎಂಬ ಊರಿನಿಂದ ಮದುವೆಯಾಗಿ ಬಂದ ಕಾಕಿ ಆ ಅಭ್ಯಾಸವನ್ನು ಬೇಗನೆ ಕಲಿತು, ಪಿಟೀಲಿನ ಕಮಾನನ್ನೇ ಅಂಟುವಾಳದ ನೊರೆಯಲ್ಲಿ ತೊಳೆದು ಒಣಗಿಸಿಟ್ಟಿದ್ದಳು. ಸಂಜೆ ಕಾಕಾ ಎಳೆದರೆ ದನಿಯೇ ಇಲ್ಲ.

“ಎಷ್ಟ್ ಧೂಳ ಕುಂತಿತ್ರಿ, ಅದಕ್ಕ ತೊಳದೀನಿ,” ಎಂದಳು ಕಾಕಿ.

“ಧೂಳಲ್ಲ ನಮ್ಮವ್ವ, ರಾಳ ಅದು. ಅದಿಲ್ಲಂದ್ರ ಇದು ಮೂಕ. ಮೂಸಿ ನೋಡು.”

ಅವಳು ರಾಳದ ಗಟ್ಟಿಯನ್ನು ಮೂಸಿ ಮೂಗು ಮುರಿದಳು. “ಇದಕ್ಕಿಂತ ಧೂಳೇ ಛಲೋ ಅದ ಬಿಡ್ರಿ.” ಮನೆಯೆಲ್ಲ ನಕ್ಕಿತು.

ಯಂತ್ರದ ಸದ್ದು ಕಾಕಾನ ಕಿವಿಯನ್ನು ಒಂದೇ ಸಲ ಕಸಿದುಕೊಳ್ಳಲಿಲ್ಲ. ಮೊದಲು ಮೇಲಿನ ಸ್ವರಗಳು ಹೋದವು, ಆಮೇಲೆ ನಮ್ಮ ಮಾತು. ಶ್ರುತಿ ಜಾರುತ್ತಿರುವುದು ಅವನೊಬ್ಬನಿಗೇ ಗೊತ್ತಾಗುತ್ತಿರಲಿಲ್ಲ. ಭಜನೆಯವರು ಕರೆಯುವುದನ್ನು ಬಿಟ್ಟರು. “ಕಿವಿ ಹೋದ್ರ ಹೋಗ್ಲಿ, ಎದಿಗೆ ಕೇಳ್ತದ,” ಎಂದು ಅವನು ಸಂಜೆಸಂಜೆ ನುಡಿಸುತ್ತಲೇ ಇದ್ದ. ಎದುರಿನ ಕಟ್ಟೆಯ ಮೇಲೆ ಕೂತವರು, “ವೈನಿ, ಬಾಗಲಕ್ಕ ಎಣ್ಣಿ ಬಿಡ್ರಿ, ಭಾಳ ಕಿರ್ ಅನ್ನಾಕತ್ತದ,” ಎಂದು ಕಾಕಿಯನ್ನು ಕೂಗಿ ನಗುತ್ತಿದ್ದರು. ಮಾತು ಕೇಳದೆ ಅವರ ನಗುವನ್ನಷ್ಟೇ ಕಾಣುತ್ತಿದ್ದ ಕಾಕಾ, ಮೆಚ್ಚಿದರೆಂದು ತಿಳಿದು ತಾನೂ ನಗುತ್ತಿದ್ದ. ಕಾಕಿಗೆ ಸಹಿಸಲಾಗದೆ ಹೋದದ್ದು ಆ ನಗು.

ಒಂದು ಬೆಳಿಗ್ಗೆ ಅವಳು ಮತ್ತೆ ಅಂಟುವಾಳ ನೆನೆಹಾಕಿದಳು. ರಾಳದ ಗಟ್ಟಿಯನ್ನು ಒಲೆಗೆ ಎಸೆದಳು. ಸಂಜೆ ಕಾಕಾ ಕಮಾನು ಎಳೆದ. ಎದೆಗೆ ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದ. ಕಮಾನನ್ನು ಮೂಗಿನ ಹತ್ತಿರ ತಂದು ಮೂಸಿದ.

“ತೊಳದಿ?”

“ಧೂಳ ಕುಂತಿತ್ರಿ,” ಎಂದಳು ಕಾಕಿ, ಅವನಿಗೆ ಕೇಳಿಸದೆಂದು ಗೊತ್ತಿದ್ದೂ. ಅವನು ಅವಳ ಮುಖ ನೋಡಿದ. ಬಾಗಿಲಾಚೆ ಕಟ್ಟೆಯ ಮೇಲಿನ ಮುಖಗಳನ್ನೂ ನೋಡಿದ. ಆಮೇಲೆ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಪೆಟ್ಟಿಗೆ ಮುಚ್ಚಿದ. ಮರುದಿನದಿಂದ ಸಂಜೆ ಮೈ ತೊಳೆದು ಬಂದು, ಅದೇ ಚಾಪೆಯ ಮೇಲೆ, ಬರಿಗೈಯಲ್ಲಿ ಕೂರುತ್ತಿದ್ದ.

ಈಗ ಇಬ್ಬರೂ ಇಲ್ಲ. ಪೆಟ್ಟಿಗೆ ನನ್ನ ಬಳಿಯಿದೆ. ತೆರೆದು ಮೂಸಿದರೆ ರಾಳವೂ ಇಲ್ಲ, ಅಂಟುವಾಳವೂ ಇಲ್ಲ. ಕಮಾನಿನ ಮೇಲೆ ಕೂತಿರುವುದು ಈಗ ನಿಜವಾಗಿ ಧೂಳೇ.