ಹತ್ತಿರ ಬಂದ ಮಗಳು

ಕಾಂತಾಬಾಯಿಗೆ ಮದುವೆಯ ಹಂಬಲವೇ ಇರಲಿಲ್ಲ. ಮೂವತ್ತೈದು ದಾಟಿದ ಮೇಲೆ ಆಕೆ ಹಸೆಮಣೆ ಏರಿದ್ದು ವರ್ಗಾವಣೆಗಾಗಿ ಎಂದರೆ ಜನ ನಕ್ಕಾರು. ನಗಲಿ. ಸರಕಾರ ಆಕೆಗೆ ಬೇರೆ ದಾರಿಯನ್ನೇ ಇಟ್ಟಿರಲಿಲ್ಲ.

ಎಪ್ಪತ್ತಾರನೆಯ ಇಸವಿ. ಆಗ ಆಕೆ ಬೆಳಗಾವಿಯ ಹಿಂದವಾಡಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ ಹಿಡಿದು ಸರಕಾರಿ ಶಾಲೆಯಲ್ಲಿ ಕಲಿಸುತ್ತಿದ್ದಳು. ನಂದಗಡದಲ್ಲಿದ್ದ ತಾಯಿ ಬಾಳವ್ವನಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಇದ್ದವಳು ಒಬ್ಬಳೇ ಮಗಳು. ಅವ್ವನನ್ನು ಆ ಕಡಿದಾದ ಮೆಟ್ಟಿಲು ಹತ್ತಿಸಿ ಕೋಣೆಯಲ್ಲಿ ಇಟ್ಟುಕೊಳ್ಳುವುದು ಆಗದ ಮಾತು. ನೆರೆಮನೆಯ ಮದರಬೀ ದಿನಾ ಗಂಜಿ ಕುಡಿಸುತ್ತಿದ್ದಳು. ಕಾಂತಾ ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಬಂದು, ಅವ್ವನಿಗೆ ಜಳಕ ಮಾಡಿಸಿ, ತಲೆ ಬಾಚಿ, ಸೋಮವಾರ ಮರಳುತ್ತಿದ್ದಳು.

ನಂದಗಡದ ಕಡೆಗೆ ವರ್ಗ ಕೇಳಿದಾಗ ಕಚೇರಿಯ ಗುಮಾಸ್ತ ಮರುಗಿಯೇ ಹೇಳಿದ. "ಗಂಡ ಅಲ್ಲಿದ್ರ ಕೊಡಾಕ ಬರ್ತೈತ್ರೀ ಬಾಯಾರ. ಅವ್ವನ ಸಲುವಾಗಿ ಅಂದ್ರ ಕಾಯ್ದೇದಾಗ ಜಾಗಾ ಇಲ್ಲ."

ಸರಕಾರದ ಕಣ್ಣಿಗೆ ಗಂಡ ಬೀಳುತ್ತಿದ್ದ, ಹೆತ್ತವಳು ಬೀಳುತ್ತಿರಲಿಲ್ಲ. ಮರುವರ್ಷ ಕಾಂತಾ ಖಾನಾಪುರದಲ್ಲಿ ನೌಕರಿಯಲ್ಲಿದ್ದ ವಿಧುರ ಗುರುಸಿದ್ದಪ್ಪನನ್ನು ಕಟ್ಟಿಕೊಂಡಳು. ಖಾನಾಪುರಕ್ಕೆ ವರ್ಗವೂ ಆಯಿತು. ಅಲ್ಲಿಂದ ನಂದಗಡ ಕೂಗಳತೆಯಲ್ಲಿದ್ದಂತೆ.

ಆ ಮಳೆಗಾಲದಲ್ಲೇ ಅತ್ತೆ ಅಕ್ಕವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಗಂಡುಮಗ ತಾಯಿಯ ಸೀರೆ ಬದಲಿಸುವುದುಂಟೆ? ಅದೆಲ್ಲ ಸೊಸೆಯ ಪಾಲಿಗೆ ಬಂತು. ಇದ್ದಬದ್ದ ರಜೆ ಅಲ್ಲಿಗೇ ತೀರಿತು. ಅತ್ತೆ ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಹೋಗಬಹುದಿತ್ತು. "ಹೋಗಿ ಬಾ ಯವ್ವಾ" ಎಂದೇ ಅನ್ನುತ್ತಿದ್ದಳು; ಕಾಂತಾ ಹೊಸ್ತಿಲು ದಾಟುವಷ್ಟರಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡು ಅಳುತ್ತಿದ್ದಳು. ಒಂದೊಂದೇ ಶನಿವಾರ ತಪ್ಪುತ್ತ ಹೋಯಿತು.

ಅವ್ವನನ್ನೂ ಖಾನಾಪುರಕ್ಕೇ ಕರೆಯಲು ಹೋದಳು.

"ಬೀಗರ ಮನ್ಯಾಗ ಹಾಸಿಗಿ ಹಾಸ್ಕೊಂಡು ಬೀಳ್ಲೇನವಾ? ನಾ ಒಲ್ಲೆ," ಎಂದಳು ಬಾಳವ್ವ. "ನೀ ಹತ್ರ ಬಂದೀಯಲ್ಲ, ಅಷ್ಟ ಸಾಕು."

ಎಂಬತ್ತರ ಚಳಿಗಾಲದಲ್ಲಿ ಬಾಳವ್ವ ತೀರಿಕೊಂಡ ಸುದ್ದಿ ಬಂತು. ಕಾಂತಾ ಓಡಿ ಬಂದು ನೋಡಿದರೆ ಅವ್ವನ ತಲೆಗೂದಲು ಗಂಟುಗಟ್ಟಿ ಹೋಗಿತ್ತು. ಮದರಬೀ ತಪ್ಪು ತನ್ನದೇ ಎಂಬಂತೆ ಕಣ್ಣೊರೆಸಿಕೊಂಡಳು.

"ನಾ ಬಾಚ್ತೀನಿ ಅಂದ್ರ ಮುಟ್ಟಗೊಡ್ತಿರಲಿಲ್ರೀ. ಮಗಳು ಹತ್ರ ಬಂದಾಳ, ಶನಿವಾರ ಬಂದು ಬಾಚ್ತಾಳ ಅಂತಿದ್ಲು."

ಕಾಂತಾ ಹಣಿಗೆ ಹಿಡಿದು ಕುಳಿತಳು. ಹಣಿಗೆ ಇಳಿಯಲಿಲ್ಲ. ದೂರವಿದ್ದಾಗ ವಾರ ತಪ್ಪದೆ ಬಂದವಳು ಹತ್ತಿರ ಬಂದು ದೂರವಾದೆನಲ್ಲ ಎಂದುಕೊಳ್ಳುತ್ತ ಬೆರಳಿನಿಂದಲೇ ಒಂದೊಂದು ಗಂಟು ಬಿಡಿಸತೊಡಗಿದಳು.

ಅಕ್ಕವ್ವ ಮುಂದೆಯೂ ಐದಾರು ವರ್ಷ ಬದುಕಿದಳು. ಕಾಂತಾ ದಿನಾ ಆಕೆಯ ತಲೆ ಬಾಚಿದಳು.