ಬಿಸ್ಕೀಟ ಡಬ್ಬ್ಯಾಗಿನ ರಾಣ್ಯಾರು

ನನ್ನ ಹೆಸರು ಪ್ರಲ್ಹಾದ. ಅಂಚೆ ಕಚೇರ್ಯಾಗ ಮೂವತ್ನಾಲ್ಕು ವರ್ಷ ಚಾಕರಿ ಮಾಡಿ ರಿಟೈರ್ ಆಗೇನಿ. ಯಾರ ತಂಟಿಗೂ ಹೋದವ ಅಲ್ಲ. ಆದ್ರ ಧಾರವಾಡದಾಗ ನಲವತ್ತೈದು ದಾಟಿದ ಯಾರನ್ನರ ನನ್ನ ಮುಂದ ನಿಲ್ಲಸ್ರಿ, ನಿಮ್ಮನ್ನ ಎಲ್ಲೋ ನೋಡೇವಲ್ರೀ ಅಂತಾರ. ನೋಡಿರ್ತಾರ, ಯಾಕ ನೋಡಿರಂಗಿಲ್ಲ. ಹನ್ನೆರಡು ವರ್ಷ, ತಿಂಗಳಾ ತಿಂಗಳಾ, ನಮ್ಮ ಭಾವ ನನ್ನ ಮಾರಿಗೆ ಎರಡು ಕೋಡು, ನಾಕು ಹಲ್ಲು ಹಚ್ಚಿ ರಾಕ್ಷಸ ಅಂತ ಅಚ್ಚು ಹಾಕಿಸ್ಯಾರ. ಹೆಸರು ನೋಡಿದ್ರ ಪ್ರಲ್ಹಾದ, ಕೆಲಸ ನೋಡಿದ್ರ ಇದು.

ಭಾವ ಅಂದ್ರ ಬಾಳಕೃಷ್ಣ ಮಾಸ್ತರ, ನಮ್ಮ ಇಂದು ಅಕ್ಕನ ಯಜಮಾನ್ರು. ಹಗಲೆಲ್ಲಾ ಸಾಲ್ಯಾಗ ಡ್ರಾಯಿಂಗ್ ಕಲಸ್ತಿದ್ರು. ಸಂಜಿಗೆ ಮಾಳಮಡ್ಡಿ ಮನಿ ಪಡಸಾಲ್ಯಾಗ ಕೂತು ಚಿತ್ರಕತಿ ಬರೀತಿದ್ರು. ಹುಬ್ಬಳ್ಳಿ ಕಮರಿಪೇಟಿಯಾಗ ಶಾಂತಯ್ಯ ಅಂತ ಒಬ್ರು ಪ್ರೆಸ್ ಇಟ್ಟಿದ್ರು. ಮೂಲ ಧಂದೆ ಹತ್ತಿ ವ್ಯಾಪಾರ, ಹವ್ಯಾಸಕ್ಕ ಹುಡುಗರ ಮಾಸಿಕ. ಅದರಾಗ ಮೂವತ್ತೆರಡು ಪುಟ ರಾಜಾ-ರಾಣಿ-ರಾಕ್ಷಸರ ಕತಿ. ಮನಿಮನ್ಯಾಗ ಟಿವಿ ಬಂದು ಅದು ನಿಂತು ಈಗ ಮೂವತ್ತು ವರ್ಷ ಆಗ್ಲಿಕ್ಕೆ ಬಂತು.

ಭಾವನವರಿಗೆ ಒಂದು ಐಬು ಇತ್ತು. ಎದುರಿಗೆ ಮನಷ್ಯಾ ನಿಂತಿರದಿದ್ರ ಕೈ ಓಡ್ತಿದ್ದಿಲ್ಲ. ರಾಜಾ ಬೇಕಂದ್ರ ಹಾಲಿನ ಶಿದ್ದಪ್ಪನ್ನ ಹಿಡದು ತಲಿಗೆ ಬುಟ್ಟಿ ಹಾಕಿ ಅಂಗಳದಾಗ ನಿಲ್ಲಸ್ತಿದ್ರು. ಅಲ್ಲಿ ಓಣಿ ತುಂಬ ಚಹಾ ಇಲ್ಲದ ಮಂದಿ ಶಿದ್ದಪ್ಪನ ಹೆಸರಿಲೆ ಒದರತಿದ್ರು. ಸತ್ತ ಸೈನಿಕರು ಬೇಕಂದ್ರ ಅವರ ಸಾಲಿ ಗಣಿತದ ಮಾಸ್ತರು ಬಂದು ಕಟ್ಟಿ ಮ್ಯಾಲ ಅಂಗಾತ ಮಲಗತಿದ್ರು, ಎರಡು ಸಲ ಗೊರಕಿನೂ ಹೊಡದಾರ. ರಾಕ್ಷಸಗ ನಾನು. ಯಾಕ ನಾನಽ ಅಂತ ಕೇಳಿದ್ರ, "ನಿನ್ನ ಹುಬ್ಬಿನ್ಯಾಗ ಛಲೋ ಗೆರಿ ಅವ ಪ್ರಲ್ಹಾದಾ," ಅಂತಿದ್ರು. ಹುಬ್ಬಿನ ಮಾತಿಗೆ ಹನ್ನೆರಡು ವರ್ಷ ನಿಂತವ ನಾ ಒಬ್ಬನಽ ಇರಬೇಕು.

ರಾಣಿಗೆ ನಮ್ಮ ಅಕ್ಕ. ಕೈಯಾಗ ಲಟ್ಟಣಿಗಿ ಕೊಟ್ಟು ಖಡ್ಗ ಅಂತ ತಿಳಕೋ ಅಂತಿದ್ರು. ಆಕಿ ಇರಕಲ್ ಸೀರಿ ಕಚ್ಚಿ ಹಾಕ್ಕೊಂಡು, ಒಲಿ ಮ್ಯಾಲಿನ ಸಾರು ಉಕ್ಕೀತಂತ ಒಂದು ಕಣ್ಣು ಆ ಕಡೆ ಇಟ್ಟು, ಅರ್ಧ ಅರ್ಧ ತಾಸು ನಿಲ್ತಿದ್ಳು. ತಿಂಗಳಾದ ಮ್ಯಾಲ ಪುಸ್ತಕ ಬರ್ತಿತ್ತು. ಬಿಚ್ಚಿ ನೋಡಿದ್ರ ಸೀರಿ ಅಕ್ಕಂದು, ಕೈ ಅಕ್ಕಂದು, ನಿಂತ ಠೀವಿ ಅಕ್ಕಂದು. ಮಾರಿ ಯಾರದೋ. ದೊಡ್ಡ ಕಣ್ಣು, ಚೂಪನ್ನ ಗದ್ದ, ಬಣ್ಣ ಹಚ್ಚಿದ ತುಟಿ. ಒಂದು ಸಂಚಿಕಿ ಅಲ್ಲ ಎರಡಲ್ಲ, ನೂರಾ ನಲವತ್ನಾಲ್ಕು ಸಂಚಿಕ್ಯಾಗೂ ಅದಽ ಹೆಂಗಸು.

"ಯಾರೀಕಿ?" ಅಂತ ಅಕ್ಕ ಮೊದಲನೇ ವರ್ಷ ಕೇಳಿದ್ಳಂತ. "ಯಾರೂ ಅಲ್ಲ," ಅಂದ್ರಂತ ಭಾವ. ಹಂಗ ಅಂದು ಎದ್ದು ಹೋಗಿಬಿಟ್ರ ಯಾವ ಹೆಂಡತಿ ನಂಬತಾಳ? ಅಕ್ಕ ಮತ್ತ ಕೇಳಲಿಲ್ಲ, ಆದ್ರ ಮರೀಲೂ ಇಲ್ಲ. ಹೋದ ವರ್ಷ ದವಾಖಾನಿಗೆ ಕರಕೊಂಡು ಹೊಂಟಾಗ ಆಟೋದಾಗ ನನಗ ಹೇಳಿದ್ಳು. "ಸಾಯೋದರೊಳಗ ಆಕಿ ಯಾರಂತ ತಿಳೀಬೇಕೋ ನನಗ. ಏನೂ ಜಗಳ ಮಾಡಂಗಿಲ್ಲ. ತಿಳೀಬೇಕು ಅಷ್ಟ." ಎಪ್ಪತ್ತು ವರ್ಷದ ಹೆಂಗಸು ಹಿಂಗ ಅಂತಾಳ. ನಾ ರಸ್ತೆದ ತೆಗ್ಗು ನೋಡಕೋತ ಕೂತೆ.

ಈ ಬ್ಯಾಸಗಿಯಾಗ ಸುಮೇಧಾ ಅಂತ ಒಬ್ಬಾಕಿ ಬಂದ್ಳು. ಕಲಾ ಕಾಲೇಜಿನ್ಯಾಗ ಕಲಸ್ತಾಳ, ಸಪ್ತಾಪುರದಾಗ ರೂಮ್ ಮಾಡಿಕೊಂಡು ಇರ್ತಾಳ. ಸಣ್ಣಾಕಿದ್ದಾಗ ಆ ಪುಸ್ತಕ ಓದಿದ್ಳಂತ. ಅಟ್ಟದ ಮ್ಯಾಲಿನ ಟ್ರಂಕ ಇಳಿಸಿದ್ವಿ. ಅಚ್ಚಾದ ಪುಸ್ತಕ ಅಲ್ಲ, ಭಾವ ಕೈಲೆ ಬರದ ಮೂಲ ಹಾಳಿ, ನುಸಿಗುಳಿಗಿ ವಾಸನಿ ಹೊಡಕೋತ ಹೊರಗ ಬಂದ್ವು. ಆಕಿ ಭೂತಗನ್ನಡಿ ಹಿಡದು ಮೂರು ತಾಸು ಕೂತ್ಳು. ಚಹಾ ಆರಿ ನೀರಾತು.

"ಕಾಕಾ, ನಿಮ್ಮ ಹುಬ್ಬು ನೋಡ್ರಿ," ಅಂದ್ಳು ನನಗ. ನಾ ಹಲ್ಲು ಕಡಕೋತ ನೋಡಿದೆ. ಖರೇ ಹೇಳತೇನಿ, ಅಲ್ಲೀತನಕಾ ನಾ ಕೋಡು ಬಿಟ್ರ ಬ್ಯಾರೆ ಏನೂ ನೋಡಿದ್ದಿಲ್ಲ. ಹುಬ್ಬಿನ ಗೆರಿ ಮೂಗಿನ ಕಡೆ ದಪ್ಪ ಸುರು ಆಗಿ, ಕಿವಿ ಕಡೆ ಹೋಗ್ತ ಹೋಗ್ತ ಕೂದಲದಷ್ಟು ಸಣ್ಣ ಆಗಿತ್ತು. "ಬ್ರಶ್ ನಡುವ ಎಲ್ಲೂ ಎತ್ತಿಲ್ರಿ. ಒಂದಽ ಉಸರಿನ್ಯಾಗ ಎಳದಾರ. ಸಿಟ್ಟು ಆ ದಪ್ಪದಾಗ ಅದ," ಅಂದ್ಳು. ನನಗ ಸ್ವಲ್ಪ ಹೆಮ್ಮಿ ಆತು, ಸುಳ್ಳು ಯಾಕ ಹೇಳ್ಲಿ.

ಆಮ್ಯಾಲ ಕುದರಿ ನೋಡಿ ಹೊಗಳಿದ್ಳು. "ಓಡೋ ಕುದರಿ ಕಾಲಾಗಿನ ಧೂಳು ಎಷ್ಟು ಛಲೋ ಬರದೀರಿ ಸರ್."

"ಕುದರಿ ಕಾಲು ಬರೀಲಿಕ್ಕೆ ಬರ್ತಿದ್ದಿಲ್ಲವಾ ನನಗ," ಅಂದ್ರು ಭಾವ. "ಅದಕ್ಕ ಎಲ್ಲಾ ಕುದರಿ ಧೂಳಿನ್ಯಾಗಽ ಓಡಿಸೇನಿ."

ಕಡೀಕ ರಾಣಿ ಸೀರಿ ಹತ್ರ ಬಂದ್ಳು. ಬರೇ ಹನ್ನೊಂದು ಗೆರಿಯಾಗ ಸೀರಿ ಮುಗಿಸ್ಯಾರ, ಆದ್ರೂ ಇರಕಲ್ ಸೀರಿ ಅಂತ ಗೊತ್ತಾಗ್ತದ ಅಂದ್ಳು. ಆಮ್ಯಾಲ ಭೂತಗನ್ನಡಿ ರಾಣಿ ಮಾರಿ ಮ್ಯಾಲ ಸರಿಸಿದ್ಳು. "ಒಂದು ತಿಳೀಲಿಲ್ಲ ಸರ್. ಕೈಯಾಗ ಜೀವ ಅದ, ಸೀರ್ಯಾಗ ಜೀವ ಅದ. ಮಾರಿ ಮಾತ್ರ ಅಂಗಡ್ಯಾಗಿಂದ ತಂದು ಇಟ್ಟಂಗ ಅದ."

"ನಾನೂ ಅದನ್ನಽ ಕೇಳಿದ್ದೆ," ಅಂತ ಅಡಗಿಮನಿಯಿಂದ ಅಕ್ಕನ ಧ್ವನಿ ಬಂತು. ಭಾವ ಆರಿದ ಚಹಾ ಕುಡದ್ರು.

ಸುಮೇಧಾ ಇಪ್ಪತ್ನಾಲ್ಕು ಹಾಳಿ ಆರಿಸಿದ್ಳು. ಕಾಲೇಜಿನ ಹಾಲಿನ್ಯಾಗ ಪ್ರದರ್ಶನ, ಐತವಾರ ಮುಂಜಾನೆ ಹತ್ತಕ್ಕ. ಅಕ್ಕ ಮಾತ್ರ ಒಂದಽ ಮಾತಿನ್ಯಾಗ ಹೇಳಿಬಿಟ್ಳು: "ನಾ ಬರಂಗಿಲ್ಲ. ಆಕಿನ್ನ ಮನ್ಯಾಗ ನೋಡಿದ್ದು ಸಾಕು, ಊರ ಮಂದಿ ಮುಂದ ಬ್ಯಾರೆ ನೋಡ್ಲೇನು?" ಅದನ್ನ ಕೇಳಿ ಭಾವ, "ಹಂಗಾರ ನಾನೂ ಹೋಗಂಗಿಲ್ಲ," ಅಂದು ಪೇಪರ ಹಿಡಕೊಂಡು ಕೂತ್ರು. ಇಬ್ಬರ ನಡುವ ನಾ ಓಡಾಡಿದ್ದಷ್ಟು ಅಂಚೆ ಕಚೇರ್ಯಾಗ ಇದ್ದಾಗೂ ಓಡಾಡಿರಲಿಲ್ಲ. ಗುರುವಾರದ ಹೊತ್ತಿಗೆ ನನಗೂ ಸಾಕಾಗಿ ಬಿಟ್ಟಿತ್ತು.

ಶುಕ್ರವಾರ ಮಧ್ಯಾಹ್ನ ಅಮೀನಸಾಬ ಬಂದ. ಅಂವ ಚೌಕಟ್ಟು ಹಾಕಾಂವ, ಹಾಳಿ ಎಲ್ಲಾ ಅವನ ಕಡೆ ಕೊಟ್ಟಿದ್ವಿ. ಒಂದು ಕೈಯಾಗ ಹಾಳಿ ಕಟ್ಟಿದ ಗಂಟು, ಇನ್ನೊಂದರಾಗ ಬಿಸ್ಕೀಟ ಡಬ್ಬಿ, ಮಾರಿ ನೋಡಿದ್ರ ಅಳೋದೊಂದು ಬಾಕಿ. ಅಕ್ಕ ಮೆಂತೆಪಲ್ಲೆ ಸೋಸ್ಲಿಕ್ಕತ್ತಿದ್ಳು.

"ಅಕ್ಕಾರ, ನನ್ನಿಂದ ತಪ್ಪಾತ್ರಿ. ಹಾಳಿ ವಾಸನಿ ಹೊಡ್ಯಾಕತ್ತಿದ್ವು ಅಂತ ಒಂದು ತಾಸು ಬಿಸಲಿಗೆ ಇಟ್ಟಿದ್ನಿರಿ. ತಿರಗಿ ಬಂದು ನೋಡ್ತೇನಿ, ರಾಣ್ಯಾರ ಮಾರಿ ಎಲ್ಲಾ ಸುರುಳಿ ಸುತ್ತಿ ಕಿತ್ತು ಬಿದ್ದಾವ್ರಿ. ಎಲ್ಲಾ ಆರಿಸಿಟ್ಟೇನ್ರಿ, ಒಂದೂ ಕಳದಿಲ್ಲ." ಅಂತ ಡಬ್ಬಿ ಮುಂದ ಇಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಚಿತ್ರಕತಿ ಬರಿಯೋವ್ರು ಗೆರಿ ತಪ್ಪಿದ್ರ ಇಡೀ ಹಾಳಿ ಒಗಿಯಂಗಿಲ್ಲ. ಬ್ಯಾರೆ ತುಣುಕಿನ ಮ್ಯಾಲ ಸರಿಯಾದದ್ದು ಬರದು, ತಪ್ಪಿದ್ದರ ಮ್ಯಾಲ ಅಂಟಸ್ತಾರ. ಅಂಗಿಗೆ ತ್ಯಾಪಿ ಹಚ್ಚಿದಂಗ. ಅಚ್ಚಿನ ಕ್ಯಾಮರಾಕ್ಕ ತ್ಯಾಪಿ ಕಾಣಂಗಿಲ್ಲ. ಸುಮೇಧಾಗ ಕಂಡಿದ್ರೂ ತಪ್ಪು ತಿದ್ದಿದ್ದು ಅಂತ ಬಿಟ್ಟಿರಬೇಕು. ಭಾವನ ತ್ಯಾಪಿಗೆ ಅಂಗಡಿ ಗೋಂದು ನಡೀತಿದ್ದಿಲ್ಲ, ಮೈದಾದ ಅಂಟಽ ಬೇಕು. ಅದನ್ನ ಚಹಾ ಇಳಿಸಿದ ಮ್ಯಾಲ ಅದಽ ಒಲಿ ಮ್ಯಾಲ ಕಾಸಿ, ಗಂಟಾಗದಂಗ ತಿರುವಿ, ಬಟ್ಟಲದಾಗ ಹಾಕಿ ಕೊಡ್ತಿದ್ದಾಕಿ ನಮ್ಮ ಅಕ್ಕ. ಎಲ್ಲಿ ಹಚ್ಚತಾರಂತ ಆಕಿ ಕೇಳಲಿಲ್ಲ, ಅವರು ಹೇಳಲಿಲ್ಲ.

ಅಕ್ಕ ಡಬ್ಬಿ ತಗದ್ಳು. ಉಗುರಿನಷ್ಟು ಉಗುರಿನಷ್ಟು ಮಾರಿ, ಮೂವತ್ತೊಂದು. ಎಲ್ಲಾ ಅದಽ ಹೆಂಗಸು. "ಬಂದ್ಯಾ, ನನ್ನ ಮೆಂತೆಪಲ್ಲೆ ತನಕಾ ಬಂದ್ಯಾ," ಅಂದ್ಳು. ಆಮ್ಯಾಲ ಹಾಳಿ ಗಂಟು ಬಿಚ್ಚಿದ್ಳು.

ಬಿಚ್ಚಿದಾಕಿ ಹಂಗಽ ಕೂತ್ಳು. ಇನ್ನೊಂದು ತಗದ್ಳು, ಮತ್ತೊಂದು ತಗದ್ಳು. ನಾ ಬಗ್ಗಿ ನೋಡಿದೆ. ರಾಣಿ ಖಡ್ಗ ಎತ್ತಿ ನಿಂತಾಳ, ಮಾರಿ ನಮ್ಮ ಅಕ್ಕಂದು. ಆನಿ ಮ್ಯಾಲ ಕೂತಾಳ, ಅಕ್ಕಂದು. ನನ್ನ ಎದಿ ಮ್ಯಾಲ ಕಾಲಿಟ್ಟು ಹಲ್ಲು ಮುರೀಲಿಕ್ಕತ್ತಾಳ, ಅದೂ ಅಕ್ಕಂದು. ಸಾರು ಉಕ್ಕೀತೇನೋ ಅಂತ ಒಂದು ಕಣ್ಣು ಸುದ್ದಾ ಸ್ವಲ್ಪ ಆ ಕಡೆ ಹೊಳ್ಳಿತ್ತು.

ಎಲ್ಲಾಕಿಂತ ಹಳೇ ಹಾಳಿ ಅಂಚಿನ್ಯಾಗ ನೀಲಿ ಪೆನ್ಸಿಲಿನ ಅಕ್ಷರ ಇದ್ವು. ಶಾಂತಯ್ಯನವರ ಕೈಬರಹ. "ಮಾಸ್ತರ, ರಾಣಿ ಮಾರಿ ಕೊಡ ಹಿಡದು ನಳದ ಪಾಳ್ಯಾಗ ನಿಂತಂಗ ಐತಿ. ನಮ್ಮ ಹತ್ತಿಬೀಜದ ಕ್ಯಾಲೆಂಡರ್ ಕಳಿಸೇನಿ. ಅದರಾಗಿನ ಮಾರಿ ಹಾಕ್ರಿ."

"ಇಲ್ಲಿ ಬರ್ರಿ," ಅಂತ ಅಕ್ಕ ಕರದ್ಳು. ಭಾವ ಬಂದ್ರು, ನೋಡಿದ್ರು, ಕನ್ನಡಕ ತಗದು ಧೋತರದಲೆ ಒರಿಸಿಕೊಂಡ್ರು.

"ಇದು ಯಾರು?"

"ನೀನಽ."

"ಎಲ್ಲಾದರಾಗೂ?"

"ಎಲ್ಲಾದರಾಗೂ."

"ಮೊದಲನೇದಕ್ಕಽ ಅವರು ಬ್ಯಾಡ ಅಂದಿದ್ರಲ್ಲ. ಮತ್ಯಾಕ ಬರಕೋತ ಹೋದ್ರಿ?"

"ಮೊದಲ ನಿನ್ನ ಮಾರಿ ಬರದ್ರನಽ ಉಳದದ್ದಕ್ಕ ಕೈ ಓಡ್ತಿತ್ತು. ಆಮ್ಯಾಲ ಕ್ಯಾಲೆಂಡರ್ ಮಾರಿ ಅಂಟಸ್ತಿದ್ದೆ."

"ನನಗ ಹೇಳಲಿಕ್ಕೆ ಏನಾಗಿತ್ತು?"

"ಏನಂತ ಹೇಳ್ಲಿ ಇಂದೂ? ನೀ ಅಲ್ಲಿ ಅರ್ಧ ತಾಸು ಲಟ್ಟಣಿಗಿ ಹಿಡದು ನಿಂತಿರ್ತಿದ್ದಿ. ನಿನ್ನ ಮಾರಿ ಅವರಿಗೆ ಸೇರಂಗಿಲ್ಲ ಅಂತ ಹೇಳ್ಲೇನು?"

"ನಲವತ್ತು ವರ್ಷ ಮತ್ತೊಬ್ಬಾಕಿ ಅಂತ ತಿಳಕೊಂಡಿದ್ದೆನಲ್ರೀ," ಅಂದ್ಳು ಅಕ್ಕ. ಸಿಟ್ಟೂ ಇತ್ತು, ಅಳುನೂ ಇತ್ತು. "ನನ್ನ ಮಾರಿ ಮುಚ್ಚಲಿಕ್ಕೆ ಅಂಟು ನನ್ನ ಕಡಿಂದಽ ಕಾಸಿಸಿದ್ರಿ." ಭಾವ ಕಪಾಟಿನ್ಯಾಗಿಂದ ತಮ್ಮ ಭೂತಗನ್ನಡಿ ತಂದು ಕೊಟ್ರು. ಅಕ್ಕ ಭೂತಗನ್ನಡಿ ಹಿಡದು ಭಾಳ ಹೊತ್ತು ನೋಡಿದ್ಳು. "ಇಷ್ಟು ಸಣ್ಣಾಕಿ ಇದ್ನೇನು ನಾ?" ಅಂತ ಮೆಲ್ಲಕ ಕೇಳಿದ್ಳು. ನಾ ಎದ್ದು ನೀರು ಕುಡದು ಬಂದೆ.

ಬಾಗಲಾಗ ನಿಂತ ಅಮೀನಸಾಬಗ ಏನೂ ತಿಳೀಲಿಲ್ಲ ಪಾಪ. "ಅಕ್ಕಾರ, ತಿರಗಿ ಅಂಟಸಿ ಕೊಡ್ಲೇನ್ರಿ?" ಅಂದ. ಅಕ್ಕ ಡಬ್ಬಿ ಮುಚ್ಚಿ ಉಪ್ಪಿನಕಾಯಿ ಭರಣಿ ಹಿಂದ ಇಟ್ಟುಬಿಟ್ಳು. "ಹಿಂಗಽ ಚೌಕಟ್ಟು ಹಾಕು," ಅಂದ್ಳು.

ಐತವಾರ ಒಂಬತ್ತೂವರಿಗೆ ಅಕ್ಕ ಇರಕಲ್ ಸೀರಿ ಉಟ್ಟು, ಬಿಸಲಿಗಂತ ಛತ್ರಿ ಹಿಡಕೊಂಡು ಎಲ್ಲಾರಿಗಿಂತ ಮೊದಲ ಆಟೋದಾಗ ಕೂತಿದ್ಳು. ಹಾಲಿನ್ಯಾಗ ಮಂದಿ ನೆರದ್ರು. ಅವರು ಒಮ್ಮೆ ಗೋಡಿ ನೋಡೋದು, ಒಮ್ಮೆ ಅಕ್ಕನ್ನ ನೋಡೋದು ನಡೀತು. ಇತ್ತಲಾಗ ನನ್ನ ತಲ್ಯಾಗ ಬ್ಯಾರೆ ಹುಳ ಹೊಕ್ಕಿತ್ತು. ರಾಣಿ ಕೆಳಗ ಮತ್ತೊಂದು ಮಾರಿ ಇದ್ರ, ರಾಕ್ಷಸನ ಕೆಳಗೂ ಯಾಕ ಇರಬಾರದು? ಒಂದು ಚೌಕಟ್ಟಿಗೆ ಗಾಜು ಇನ್ನೂ ಕೂಡಿಸಿರಲಿಲ್ಲ. ಯಾರೂ ನೋಡದಾಗ ಉಗುರಿಲೆ ನನ್ನ ಗದ್ದದ ಅಂಚು ಕೆರದು ನೋಡಿದೆ. ತ್ಯಾಪಿ ಇರಲಿಲ್ಲ. ಬದಿಗೆ ನೀಲಿ ಪೆನ್ಸಿಲಿಲೆ ಬರದಿತ್ತು: "ರಾಕ್ಷಸ ಭೇಷ್. ಏನೂ ಬದಲಿ ಬ್ಯಾಡ."

ಅಷ್ಟರಾಗ ಭಾವ ಕಿಸೆದಾಗಿಂದ ಪೆನ್ಸಿಲ್ ತಗದ್ರು. ಆಮಂತ್ರಣದ ಕಾರ್ಡ ಹೊಳ್ಳಿಸಿ ಹಿಡಕೊಂಡು ಅಕ್ಕನ ಎದುರಿಗೆ ಬಂದ್ರು. "ಒಂದು ಹತ್ತು ನಿಮಿಷ ನಿಲ್ತೀ ಏನು ಇಂದೂ?"

ಅಕ್ಕ ಸೆರಗು ಸರಿ ಮಾಡಿಕೊಂಡ್ಳು. ಮುಪ್ಪಿನ ಗದ್ದ ಸ್ವಲ್ಪ ಮ್ಯಾಲ ಎತ್ತಿ, ಕೈಯಾಗಿನ ಛತ್ರಿ ಖಡ್ಗದಂಗ ಹಿಡದ್ಳು.

"ನಿಲ್ತೇನಿ," ಅಂದ್ಳು. "ಆದ್ರ ಅಂಟು ಕಾಸಂಗಿಲ್ಲ."