ಅವ್ವ ಕೂತಿದ್ದ ಸೀಟು

“ಅಮ್ಮಾ, ನೀವು ಯಾವ ಕಡೀಗೆ ಕೂಡ್ತಿದ್ರಿ? ಕಿಟಕಿ ಕಡೀಗೋ, ಗೇರ್ ಕಡೀಗೋ?”

ಕೇಳಿದವನು ಮೌಲಾಸಾಬ. ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ ಅವನದೊಂದು ಲಾರಿ ರಿಪೇರಿ ಶೆಡ್ಡು. ಶೆಡ್ಡಿನ ನಡುವೆ ನಮ್ಮಪ್ಪನ ಲಾರಿ ಸೀಟಿಲ್ಲದೆ, ಬಾಗಿಲಿಲ್ಲದೆ, ನಾಚಿಕೆಯೂ ಇಲ್ಲದೆ ನಿಂತಿತ್ತು. ಹೊಸ ಸೀಟು ಕೂಡಿಸುವ ಮೊದಲು ಹಳೆಯದು ಹೇಗಿತ್ತೆಂದು ತಿಳಿಯಬೇಡವೇ? ಅದಕ್ಕೇ ಅವ್ವನನ್ನು ರಿಕ್ಷಾದಲ್ಲಿ ಕರೆತಂದಿದ್ದೆ.

ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು (ಡೀಸೆಲ್ ವಾಸನೆ ಅವಳಿಗಾಗದು) ಲಾರಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

“ನಾ ಎಂದ ಕುಂತೀನಪ್ಪಾ ಇದರಾಗ?”

ಮೌಲಾಸಾಬ ನನ್ನ ಮುಖ ನೋಡಿದ. ನಾನು ಅವನ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ನೋಡಿದೆ.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಸಂಕಟ ಅರ್ಥವಾದೀತು. ಇದೇ ಜಾಗದಲ್ಲಿ ನಾನು ಎರಡು ಸಲ ಬರೆದಿದ್ದೇನೆ. ಅಪ್ಪ ಲಾರಿ ನಡೆಸುತ್ತಿದ್ದಾನೆ. ಪಕ್ಕದಲ್ಲಿ ಅವ್ವ. ಅವ್ವನ ತೊಡೆಯ ಮೇಲೆ ನಾನು. ದೇವದುರ್ಗದ ದಾರಿಯ ಬಿಸಿಗಾಳಿ. ಅಪ್ಪ ರಬ್ಬರ್ ಹಾರ್ನ್ ಒತ್ತಿದಾಗೆಲ್ಲ ನಾನು ನಗುತ್ತಿದ್ದೇನೆ. ಮೊದಲ ಸಲ ಬರೆದಾಗ ಮೂವರು ಓದುಗರು ಪತ್ರ ಹಾಕಿದ್ದರು. ಎರಡನೇ ಸಲ ಬರೆಯುವಾಗ ನಾನೇ ಕಣ್ಣೊರೆಸಿಕೊಂಡಿದ್ದೆ.

ಲಾರಿಯ ಬಗ್ಗೆ ನಾಲ್ಕು ಮಾತು. ಮಾನ್ವಿ, ದೇವದುರ್ಗದ ಹತ್ತಿಯನ್ನು ರಾಯಚೂರಿನ ಬೀಜ ಬಿಡಿಸುವ ಜಿನ್ನುಗಳಿಗೆ ಹೊತ್ತು ತರುತ್ತಿದ್ದ ಉದ್ದಮೂತಿಯ ಗಾಡಿ. ಎಪ್ಪತ್ತರ ದಶಕದ ಶುರುವಿನಲ್ಲಿ ಅಪ್ಪ ತೀರಿಕೊಂಡ. ಅಂದಿನಿಂದ ಅದು ಮಾನ್ವಿಯ ನಮ್ಮ ಮನೆಯ ಹಿತ್ತಲಲ್ಲಿ ನಿಂತಿತ್ತು. ಪಕ್ಕದ ಮನೆಯ ಕೋಳಿ ಬಾನೆಟ್ಟಿನೊಳಗೆ ಮೊಟ್ಟೆ ಇಡುತ್ತಿತ್ತು. (ಈ ಹತ್ತು-ಹನ್ನೆರಡು ವರ್ಷದಲ್ಲಿ ಆ ಲಾರಿಯಿಂದ ಆದ ಉತ್ಪಾದನೆ ಅದೊಂದೇ.)

ಅದನ್ನು ಮೊದಲಿದ್ದಂತೆಯೇ ಮಾಡಿಸಬೇಕೆಂಬ ಹುಚ್ಚು ಹತ್ತಿದ್ದು ಹೋದ ವರ್ಷ. ಅವ್ವನ ಮೊಣಕಾಲು ಸವೆದಿವೆ, ಇನ್ನು ಎತ್ತರದ ಮೆಟ್ಟಿಲು ಹತ್ತುವುದು ಕಷ್ಟ ಎಂದರು ಡಾಕ್ಟರು. ಅಷ್ಟರೊಳಗೆ ಒಮ್ಮೆ, ಅದೇ ಲಾರಿಯಲ್ಲಿ, ಅದೇ ಸೀಟಿನಲ್ಲಿ ಕೂರಿಸಿ ಅವಳನ್ನು ತವರಾದ ದೇವದುರ್ಗಕ್ಕೆ ಕರೆದೊಯ್ಯಬೇಕು. ಅವ್ವನ ಕೊನೆಯ ಆಸೆ ಎಂದು ನಾನು ಕಂಡಕಂಡವರಿಗೆ ಹೇಳುತ್ತಿದ್ದೆ. ಅವ್ವನನ್ನು ಕೇಳಿರಲಿಲ್ಲ.

ಬಣ್ಣದಲ್ಲೇ ಪೆಟ್ಟು ಬಿದ್ದಿತ್ತು, ನಾನು ಎಚ್ಚೆತ್ತುಕೊಳ್ಳಬಹುದಿತ್ತು. ನನ್ನ ನೆನಪಿನಲ್ಲಿ ಲಾರಿ ಹಸಿರು. ಕೆರೆದು ನೋಡಿದರೆ ಹಸಿರೂ ಇತ್ತು. ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು, ಮತ್ತೆ ಹಸಿರು. ಪ್ರತಿ ದಸರೆಯ ಖಂಡೇಪೂಜೆಗೂ ಅಪ್ಪ ಕೈಗೆ ಸಿಕ್ಕ ಬಣ್ಣ ಬಳಿಸುತ್ತಿದ್ದನಂತೆ, ಹಳೆಯದನ್ನು ಕೆರೆಯುವ ಗೋಜಿಗೆ ಹೋಗದೆ.

“ಯಾವ ವರ್ಷದ್ದು ಬೇಕ್ರೀ ಮಾಸ್ತರ್?” ಎಂದಿದ್ದ ಮೌಲಾಸಾಬ.

ಹಸಿರು ಎಂದೆ. ಇನ್ನೇನು ಹೇಳಲಿ? ಅಂಕಣದಲ್ಲಿ ಅದಾಗಲೇ ಹಸಿರೆಂದೇ ಅಚ್ಚಾಗಿತ್ತಲ್ಲ.

ಈಗ ಸೀಟಿನ ಸರದಿ.

“ಕುಂತಿಲ್ಲಂದ್ರ ಹೆಂಗವ್ವಾ?” ಎಂದೆ.

“ನಿಮ್ಮಪ್ಪ ಎಲ್ಲಿ ಕೂಡಗೊಡತಿದ್ದ? ಹತ್ತಿ ಬಿಡಸೋ ಹೆಣ್ಮಕ್ಕಳು ಹೊಲದಿಂದ ಇದರಾಗ ಬರತಿದ್ರು. ಮಾಲಕನ ಹೆಂಡ್ತಿನೂ ಅದರಾಗ ಬಂದ್ರ ಮರ್ಯಾದಿ ಏನುಳೀತದ ಅಂತಿದ್ದ. ನಂದೇನಿದ್ರೂ ಬಸ್ಸು. ಟಿಕೀಟು ತಗದು.”

“ಮತ್ತ ನಾನು?”

“ನೀನೂ ಬಸ್ಸಿನಾಗ, ನನ್ನ ತೊಡಿ ಮ್ಯಾಲ. ಕಿಟಕಿಯಾಗ ಮಾರಿ ಇಟಗೊಂಡು ಕುಂದ್ರತಿದ್ದಿ. ಹಿಂದಿಂದ ನಿಮ್ಮಪ್ಪನ ಲಾರಿ ಪೋಂ ಪೋಂ ಅಂತ ಬರತಿತ್ತು. ನಮ್ಮ ಮಾರಿಗಿಷ್ಟು ಧೂಳ ಉಗ್ಗಿ ಮುಂದ ಹೋಗತಿತ್ತು. ನೀ ನಗತಿದ್ದಿ. ನಾ ಸೀರಿ ಝಾಡಿಸ್ಕೋತಿದ್ದೆ.”

ಲೆಕ್ಕ ಹಾಕಿ ನೋಡಿ. ತೊಡೆ ನಿಜ. ಗಾಳಿ ನಿಜ. ಹಾರ್ನ್ ನಿಜ, ನಗುವೂ ನಿಜ. ವಾಹನ ಮಾತ್ರ ಬೇರೆ. ಯಾವಾಗಲೋ ಒಮ್ಮೆ, ಯಾರಿಗೂ ಹೇಳದೆ, ನಾನು ಬಸ್ಸಿನ ಕಿಟಕಿಯಿಂದ ಲಾರಿಯೊಳಕ್ಕೆ ಜಿಗಿದಿದ್ದೆ. ಹೋಗುವಾಗ ಅವ್ವನನ್ನೂ ಎಳೆದುಕೊಂಡು ಹೋಗಿದ್ದೆ.

“ಎರಡು ಸಲ ಓದಿ ಹೇಳೀನಲ್ಲವ್ವಾ, ಆವಾಗ್ಯಾಕ ಅನ್ನಲಿಲ್ಲ?” (ಅವ್ವನಿಗೆ ಓದು ಬಾರದು. ಪತ್ರಿಕೆ ಬಂದ ದಿನ ಈ ಅಂಕಣವನ್ನು ನಾನೇ ಓದಿ ಹೇಳುತ್ತೇನೆ.)

“ಛಲೋ ಕೇಳಸ್ತಿತ್ತು. ಯಾರದೋ ಮನಿ ಕತಿ ಇರಬೇಕು ಅನಕೊಂಡೆ.”

ಮೌಲಾಸಾಬ ನಗು ತಡೆಯಲು ಚಕ್ರದ ಹಿಂದೆ ಹೋದ. ಅಲ್ಲಿಂದಲೇ ಸಮಾಧಾನ ಹೇಳಿದ. “ಫಿಕರ್ ಮಾಡಬ್ಯಾಡ್ರಿ ಮಾಸ್ತರ್. ಇದರಾಗ ಚಾಸಿ ನಿಮ್ಮಪ್ಪಂದದ, ಹಾರ್ನಿನ ಹಿತ್ತಾಳಿ ನಿಮ್ಮಪ್ಪಂದದ. ಉಳದದ್ದೆಲ್ಲ ಗುಜರಿ ಬಜಾರದ್ದು. ನೋಡಿದವ್ರು ಹಳೀ ಲಾರಿ ಅಂತಾರ. ಅನ್ಲಿ ಬಿಡ್ರಿ.”

ಹಾಗಾದರೆ ಈ ಲಾರಿ ಯಾರಿಗೆ? ಕೆಲಸ ಇಲ್ಲಿಗೇ ನಿಲ್ಲಿಸೋಣವೇ ಎಂದು ಕೇಳುವವನಿದ್ದೆ. ಅಷ್ಟರಲ್ಲಿ ಅವ್ವ ಹತ್ತಿರ ಹೋಗಿ, ಸೀಟು ಇರಬೇಕಾದ ಖಾಲಿ ಜಾಗದ ಮೇಲೆ ಅಂಗೈ ಇಟ್ಟಳು. ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವವಳಂತೆ ಎರಡು ಸಲ ತಟ್ಟಿದಳು.

“ಕಿಟಕಿ ಕಡಿ ಹಾಕಪ್ಪಾ ಮೌಲಾ. ಗೇರ್ ಕಡಿ ಬ್ಯಾಡ,” ಅಂದಳು. ಅದೇ ಬದಿ ತೋರಿಸಿ, “ಆ ಹಾರ್ನೂ ಈ ಕಡೀಗೇ ಹಾಕು.”

ಹಾರ್ನ್ ಡ್ರೈವರನ ಕೈಯಲ್ಲಿರಬೇಕು, ಮೊದಲು ಹಾಗೇ ಇತ್ತು ಎಂದು ನಾನು ಶುರು ಮಾಡಿದೆ. ಇಬ್ಬರೂ ಕಿವಿಗೊಡಲಿಲ್ಲ. ಮೊದಲು ಹೇಗಿತ್ತೆಂದು ಹೇಳುವ ಅಧಿಕಾರ ಅಲ್ಲಿ ನನಗೆ ಉಳಿದಿರಲಿಲ್ಲ.

ಹೋದ ಭಾನುವಾರ ಹೊರಟೆವು, ಮೌಲಾಸಾಬನೇ ಡ್ರೈವರ್. ಲಾರಿಯ ಮೆಟ್ಟಿಲು ಅವ್ವನ ಸೊಂಟದೆತ್ತರ. ಶೆಡ್ಡಿನ ಕಬ್ಬಿಣದ ಸ್ಟೂಲ್ ಇಟ್ಟೆವು. ಒಂದು ಸಲ ಹತ್ತಿ ಇಳಿದಳು. ಎರಡನೇ ಸಲ ಬಾಗಿಲು ಹಿಡಿದು ಅರ್ಧಕ್ಕೇ ನಿಂತಳು. ಎತ್ತಿ ಕೂರಿಸುತ್ತೇನೆಂದು ಕೈ ಚಾಚಿದೆ.

“ಮುಟ್ಟೀದಿ ನೋಡು! ಎತ್ತಿ ಒಗ್ಯಾಕ ನಾನೇನು ಹತ್ತಿ ಅಂಡಿಗಿ ಏನಲೇ?”

ಮೂರನೇ ಸಲಕ್ಕೆ ಕೂತಳು. ಉಸಿರು ಬಿಟ್ಟಳು. ಕಿಟಕಿಯ ಚೌಕಟ್ಟಿನ ಮೇಲೆ ಮೊಣಕೈ ಇಟ್ಟಳು, ಹುಟ್ಟಿದಾಗಿನಿಂದ ಅಲ್ಲೇ ಇಟ್ಟವಳಂತೆ.

ಅರ್ಧ ದಾರಿಯಲ್ಲಿ ಹಿಂದೆ ದೇವದುರ್ಗದ ಬಸ್ಸು ಕಂಡಿತು.

“ಮುಂದ ಬಿಡಬ್ಯಾಡ ಮೌಲಾ!”

“ಅಮ್ಮಾ, ಇದಕ್ಕಿಂತ ಜೋರು ಹೊಡದ್ರ ಚಕ್ರ ಅಷ್ಟೇ ದೇವದುರ್ಗ ಮುಟ್ತಾವ. ನಾವು ಇಲ್ಲೇ ಉಳೀತೀವಿ.”

ಬಸ್ಸು ಬಂತು, ಹಾರ್ನ್ ಹೊಡೆಯಿತು, ನಮ್ಮೆಲ್ಲರ ಮುಖಕ್ಕೆ ಧೂಳು ಉಗ್ಗಿ ಮುಂದೆ ಹೋಯಿತು. ಅವ್ವ ಕಣ್ಣುಜ್ಜಿಕೊಂಡಳು. “ಆವಾಗೂ ಧೂಳ, ಈಗೂ ಧೂಳ. ನಿಮ್ಮ ಮನಿತನದ ಹಣೆಬರಾನೇ ಇಷ್ಟು,” ಅಂದಳು. ಆಮೇಲೆ ಕೈ ಹೊರಚಾಚಿ ರಬ್ಬರ್ ಬುರುಡೆಯನ್ನು ಹಿಚುಕಿದಳು. ಪೋಂ. ಬಸ್ಸು ಆಗಲೇ ತಿರುವು ದಾಟಿತ್ತು. ಮತ್ತೆ ಪೋಂ. ದೇವದುರ್ಗ ಮುಟ್ಟುವವರೆಗೂ ಬಿಡಲಿಲ್ಲ. ಆಡಿನ ಹಿಂಡು, ಕರಿಜಾಲಿ, ಮೈಲಿಗಲ್ಲು, ಯಾವುದಕ್ಕೂ ರಿಯಾಯಿತಿ ಇಲ್ಲ.

ತವರುಮನೆಯ ಬಾಗಿಲಲ್ಲಿ ಅವಳ ತಮ್ಮನ ಹೆಂಡತಿ ನಿಂತಿದ್ದಳು.

“ಅಯ್ಯ ಯಕ್ಕಾ! ಲಾರಿಯಾಗ ಬಂದ್ಯಾ?”

“ಅದರಾಗ ಹೊಸಾದೇನದ?” ಎಂದಳು ಅವ್ವ, ಸ್ಟೂಲಿನ ಮೇಲೆ ಕಾಲೂರುತ್ತ. “ಅವ್ರಿದ್ದಾಗೂ ಹಿಂಗ ಬರತಿದ್ದೆ. ಕಿಟಕಿ ಕಡಿ ಸೀಟು ನಂದೇ.”

“ನಿನ್ನ ಕರಕೊಳ್ಳಾಕ ಬಸ್‌ಸ್ಟ್ಯಾಂಡಿಗೆ ನಾನೇ ಬರತಿದ್ನಲ್ಲ ಯಕ್ಕಾ?”

“ನಿನಗ ನೆನಪಿಲ್ಲ ಬಿಡು. ಪೇಪರಿನಾಗ ಬಂದದ, ಎರಡು ಸಲ. ಇವನ್ನ ಕೇಳು.”

ಇಬ್ಬರೂ ನನ್ನ ಕಡೆ ತಿರುಗಿದರು.

“ಹೌದತ್ತೀ, ಬಂದದ,” ಎಂದೆ. (ಸುಳ್ಳೇನಲ್ಲವಲ್ಲ?)

ಈ ಸಂಚಿಕೆ ಮನೆಗೆ ಬಂದ ದಿನ ಅವ್ವ ಎಂದಿನಂತೆ ಗೋಡೆಗೊರಗಿ, ಕಾಲು ಚಾಚಿ ಕೂತು, ‘ಓದಪ್ಪಾ’ ಅನ್ನುತ್ತಾಳೆ.

ಏನು ಓದಲಿ, ಹೇಳಿ?